ಗ್ರೊಟ್ಟೊದ ಬದಿಯ ಕ್ರಿಸ್‌ಮಸ್ ಗಿಡ

ಹೊನ್ನಿ ನಮ್ಮ ಮನೆಗೆ ಬಂದ ಮೊದಲ ಮಳೆಗಾಲದಲ್ಲಿ ತವರಿಗೆ ಹೋಗಿ ಬರುವಾಗ ಐದು ಕೋಲುಗಳನ್ನು ತಂದಳು. ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬಂದಿದ್ದಳು. ಹೊನ್ನಿ ಎಂದರೆ ನಮ್ಮ ಕೊಂಕಣಿಯಲ್ಲಿ ಅಣ್ಣನ ಹೆಂಡತಿ. ಅವಳು ನನಗಿಂತ ಎರಡೇ ವರ್ಷ ದೊಡ್ಡವಳು. ನಾನು ಆಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ಅವಳು ಏಳನೆಯ ತರಗತಿಗೆ ಶಾಲೆ ಬಿಟ್ಟವಳು.

ಪುಸ್ತಕದಲ್ಲಿ ಆ ಗಿಡದ ಹೆಸರು ಪಾಯಿನ್ಸೆಟಿಯಾ. ನಮ್ಮ ಕಡೆ ಎಲ್ಲರೂ ಕ್ರಿಸ್‌ಮಸ್ ಗಿಡ ಎನ್ನುತ್ತಾರೆ. ವರ್ಷವಿಡೀ ಬರೀ ಹಸಿರು. ಉಳಿದ ಗಿಡಗಳ ಹೂವೆಲ್ಲ ಮುಗಿದ ಮೇಲೆ, ಡಿಸೆಂಬರಿನಲ್ಲಿ, ಅದರ ತುದಿಯ ಎಲೆಗಳು ಕೆಂಪಾಗುತ್ತವೆ. ಜನ ಹೂವು ಎನ್ನುವುದು ಆ ಎಲೆಗಳನ್ನೇ. ನಿಜವಾದ ಹೂವು ನಡುವೆ ಹಳದಿ ಕಾಳಿನಷ್ಟು ಸಣ್ಣದಾಗಿ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಎಲ್ಲಿ ಮುರಿದರೂ ಬಿಳಿ ಹಾಲು ಸುರಿಯುತ್ತದೆ.

ನಮ್ಮ ಮನೆ ಬಿಕರ್ನಕಟ್ಟೆಯಲ್ಲಿ, ರಸ್ತೆಗೆ ತಾಗಿಕೊಂಡು ಇತ್ತು. ಗೇಟಿನ ಒಳಗೆ, ಪಪ್ಪ ಬದುಕಿದ್ದಾಗ ಮುರಕಲ್ಲು ಮತ್ತು ಸಿಮೆಂಟಿನಲ್ಲಿ ಕಟ್ಟಿಸಿದ ಗ್ರೊಟ್ಟೊ. ಆಳೆತ್ತರದ ಗುಹೆಯ ಹಾಗೆ, ಒಳಗೆ ಮಾತೆ ಮರಿಯಮ್ಮನವರ ಪ್ರತಿಮೆ. ಅದರ ಮೇಲೆ ಬಗ್ಗಿಸಿದ ಕಬ್ಬಿಣದ ಪೈಪಿನ ತುದಿಯಲ್ಲಿ ಅರವತ್ತು ಕ್ಯಾಂಡಲಿನ ಬಲ್ಬು. ಎಪ್ಪತ್ತರ ದಶಕದ ನಡುವಿನಲ್ಲಿ ಅಣ್ಣ ಗಲ್ಫಿಗೆ ಹೊರಟ ದಿನ ಮಮ್ಮಿ ಒಂದು ಹರಕೆ ಹೇಳಿಕೊಂಡಿದ್ದರು. ಮಗ ಅಲ್ಲಿನ ಕೆಲಸ ಪೂರ್ತಿ ಬಿಟ್ಟು ಮನೆಗೆ ಬರುವವರೆಗೆ ಮಾತೆಯ ಮುಂದಿನ ಬೆಳಕು ಒಂದು ರಾತ್ರಿಯೂ ಆರಬಾರದು. ಸಂಜೆ ಆರಕ್ಕೆ ಸ್ವಿಚ್ ಹಾಕಿದರೆ ತೆಗೆಯುವುದು ಬೆಳಿಗ್ಗೆ. ಕರೆಂಟು ಹೋದರೆ ಅದೇ ಜಾಗದಲ್ಲಿ ಲಾಟೀನು. ಬಲ್ಬು ಸುಟ್ಟರೆ ಇರಲಿ ಎಂದು ಅಡುಗೆಕೋಣೆಯಲ್ಲಿ ಇನ್ನೊಂದು ಬಲ್ಬು ಯಾವಾಗಲೂ ತಯಾರು. ಆ ಬೆಳಕು ನಂದಿದರೆ ಮಗನಿಗೆ ಅಲ್ಲಿ ಏನಾದರೂ ಆಗುತ್ತದೆ ಎಂಬುದರಲ್ಲಿ ಮಮ್ಮಿಗೆ ಸಂಶಯವಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಹೊನ್ನಿಗೂ ಇರಲಿಲ್ಲ.

ಅಣ್ಣ ಐದು ವಾರದ ರಜೆಯಲ್ಲಿ ಬಂದು, ಮದುವೆಯಾಗಿ, ಹಿಂದೆ ಹೋಗಿದ್ದ.

ನಾಲ್ಕು ಕೋಲುಗಳನ್ನು ಹೊನ್ನಿ ಗ್ರೊಟ್ಟೊದ ಬಲಬದಿಯಲ್ಲಿ ಒಟ್ಟಿಗೆ ನೆಟ್ಟಳು. “ಕ್ರಿಸ್‌ಮಸ್ಸಿಗೆ ಮಾತೆಯ ಹತ್ತಿರ ಕೆಂಪು ಕಾಣಬೇಕು” ಎಂದಳು. ಐದನೆಯದನ್ನು ಪಕ್ಕದ ಮನೆಯ ಅಕ್ಕನಿಗೆ ಕೊಟ್ಟಳು. ಅವರು ತುಳು ಮಾತಾಡುವವರು, ದನ ಸಾಕುತ್ತಿದ್ದರು, ಕಾಂಪೌಂಡಿನ ಗೋಡೆಯ ಮೇಲಿನಿಂದ ದಿನಕ್ಕೆ ಎರಡು ಸಲ ನಮ್ಮ ಮನೆಯ ಸುದ್ದಿ ತೆಗೆದುಕೊಂಡು ಹೋಗುತ್ತಿದ್ದರು. ಆ ಕೋಲನ್ನು ಅವರು ದನದ ಹಟ್ಟಿಯ ಹಿಂದೆ ಊರಿದರು.

ಐದೂ ಚಿಗುರಿದವು. ಡಿಸೆಂಬರಿನ ಹೊತ್ತಿಗೆ ನಮ್ಮ ಗಿಡ ಸೊಂಟದ ಮೇಲೆ ಬಂದಿತ್ತು, ದಟ್ಟವಾಗಿತ್ತು, ಮತ್ತು ಹಸಿರಾಗಿತ್ತು. ಹಟ್ಟಿಯ ಹಿಂದಿನ ಗಿಡ ಮೊಣಕಾಲಿನಷ್ಟೇ ಎತ್ತರ, ಆದರೆ ತುದಿಯೆಲ್ಲ ಕೆಂಪು. ಅಕ್ಕ ಅದರ ಒಂದು ಕೊಂಬೆ ಮುರಿದು ಹಬ್ಬದ ದಿನ ನಮಗೇ ತಂದುಕೊಟ್ಟರು.

ಮಮ್ಮಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. “ಒಂದೇ ಗಿಡದ ಕೋಲು. ಅಲ್ಲಿ ಕೆಂಪು, ಇಲ್ಲಿ ಎಂತಕ್ಕೆ ಇಲ್ಲ? ಕೋಲಿನ ತಪ್ಪಲ್ಲ. ನೆಟ್ಟ ಕೈಯದ್ದು.”

“ಹಾಗೆ ಹೇಳ್ಬೇಡಿ ಬಾಯಮ್ಮ,” ಅಕ್ಕ ನಕ್ಕರು. “ನಮ್ಮದು ಸೆಗಣಿ ತಿಂದು ಬೆಳೆದದ್ದು. ನಿಮ್ಮದು ಜಪ ಕೇಳಿ ಬೆಳೆದದ್ದು. ಸ್ವಲ್ಪ ನಿಧಾನ.”

“ನಿಧಾನ ಅಂತ ಎಷ್ಟು? ಮದುವೆಯಾಗಿ ವರ್ಷ ಆಗ್ತಾ ಬಂತು. ಇವಳ ಕೈಯಲ್ಲಿ ಒಂದೂ ಹಿಡಿಯುವುದಿಲ್ಲ, ನೋಡಿ.”

ಹೊನ್ನಿ ತಟ್ಟೆಯಲ್ಲಿ ಅಕ್ಕನಿಗೆ ಕೊಡಲು ತಿಂಡಿ ಜೋಡಿಸುತ್ತಿದ್ದಳು. ಜೋಡಿಸಿ ಮುಗಿಸಿ, ಮೇಲೆ ಲೇಸಿನ ಬಟ್ಟೆ ಮುಚ್ಚಿ, ಅಕ್ಕನ ಕೈಗೆ ಕೊಟ್ಟಳು. ನಾನು ಮೇಜಿನ ಇನ್ನೊಂದು ತುದಿಯಲ್ಲಿ ಓದುತ್ತಿದ್ದೆ.

ಮುಂದಿನ ವರ್ಷ ನನಗೆ ಎಂ.ಎಸ್ಸಿ. ಸಸ್ಯಶಾಸ್ತ್ರಕ್ಕೆ ಸೀಟು ಸಿಕ್ಕಿತು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟು, ಹಂಪನಕಟ್ಟೆಯಲ್ಲಿ ಬಸ್ ಬದಲಿಸಿ ಹೋದರೆ ತಿರುಗಿ ಮನೆ ಮುಟ್ಟುವುದು ಸಂಜೆ ಆರು ಗಂಟೆಗೆ. ಅಷ್ಟು ಹೊತ್ತಿನೊಳಗೆ ಬಾವಿಯಿಂದ ನೀರು ಸೇದುವುದು, ರುಬ್ಬುವ ಕಲ್ಲಿನಲ್ಲಿ ಮಸಾಲೆ ಕಡೆಯುವುದು, ಹಂದಿಗಳಿಗೆ ಬೇಯಿಸಿ ಹಾಕುವುದು, ಮಮ್ಮಿಯ ಬಾತುಕೊಂಡ ಕಾಲಿಗೆ ಎಣ್ಣೆ ಉಜ್ಜುವುದು, ಎಲ್ಲ ಹೊನ್ನಿಯದ್ದು. ನನ್ನ ಬುತ್ತಿಯೂ ಅವಳದ್ದೇ.

ಆ ಆಗಸ್ಟಿನಲ್ಲಿ ಅಣ್ಣನ ಪತ್ರ ಬಂತು. ಅವನು ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದ. ಓದಿ ಹೇಳುವುದು ನಾನು. ಕಂಪೆನಿಯಲ್ಲಿ ಹೆಂಡತಿಯನ್ನು ಕರೆಸಿಕೊಳ್ಳುವವರಿಗೆ ಮನೆ ಕೊಡುತ್ತಾರೆ, ನನ್ನ ಹೆಸರು ಪಟ್ಟಿಯಲ್ಲಿ ಸೇರಿದೆ, ಮಮ್ಮಿ ಒಪ್ಪಿದರೆ ಅವಳ ಪಾಸ್‌ಪೋರ್ಟ್ ಮಾಡಿಸಿ, ಎಂದು ಬರೆದಿದ್ದ. ‘ಮಮ್ಮಿ ಒಪ್ಪಿದರೆ’ ಎಂಬಲ್ಲಿ ಹೊನ್ನಿ ಕೆಳಗೆ ನೋಡಿದಳು. ಅವಳ ಕಿವಿ ಕೆಂಪಾಗಿತ್ತು. ಅಷ್ಟು ಸಂತೋಷವನ್ನು ಅವಳಲ್ಲಿ ನಾನು ಮೊದಲು ನೋಡಿರಲಿಲ್ಲ.

ಮಮ್ಮಿ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಇಟ್ಟರು. ಹೆಂಡತಿ ಇಲ್ಲಿದ್ದರೆ ಮಗ ಎರಡು ವರ್ಷಕ್ಕೊಮ್ಮೆಯಾದರೂ ಬರುತ್ತಾನೆ. ಹೆಂಡತಿಯೂ ಅಲ್ಲಿಗೆ ಹೋದರೆ ಪೂರ್ತಿ ಬಿಟ್ಟು ಬರುವ ದಿನ ಇನ್ನು ಇಲ್ಲ. ಇದು ನನಗೆ ಗೊತ್ತಿತ್ತು, ಮಮ್ಮಿಗೂ ಗೊತ್ತಿತ್ತು. ನನ್ನ ಹತ್ತಿರ ಮಾತ್ರ ಬೇರೆ ಮಾತು ಆಡಿದರು: “ಅವಳು ಹೋದರೆ ಈ ಮನೆಗೆ ಯಾರು? ನನ್ನ ಕಾಲು ನೋಡು. ನಿನ್ನ ಕಲಿಯುವುದು ಅಲ್ಲಿಗೆ ನಿಲ್ಲಿಸ್ಬೇಕಾಗ್ತದೆ, ತಿಳಿದುಕೊ.”

ತಿಳಿದುಕೊಂಡೆ.

ನಾಲ್ಕೈದು ದಿನ ಬಿಟ್ಟು, ಸಂಜೆ ಗ್ರೊಟ್ಟೊದ ಮುಂದೆ ಜಪಸರ ಮುಗಿಸಿ ಏಳುವಾಗ ಮಮ್ಮಿ ಹೊನ್ನಿಯ ಕಡೆ ತಿರುಗಿದರು.

“ನಾನು ಇಲ್ಲ ಹೇಳುವುದಿಲ್ಲ. ಆದರೆ ನನ್ನ ಹರಕೆ ಇರುವುದು ಇವರ ಹತ್ತಿರ. ಇವರನ್ನು ಕೇಳದೆ ನಾನು ಕಳಿಸುವ ಹಾಗಿಲ್ಲ. ಇವರ ಕಾಲ ಬುಡದಲ್ಲಿ ನೀನೇ ನೆಟ್ಟ ಗಿಡ ಉಂಟಲ್ಲ. ಅದು ಕೆಂಪಾದ ವರ್ಷ ಇವರ ಒಪ್ಪಿಗೆ ಅಂತ ಲೆಕ್ಕ. ಆ ವರ್ಷ ಹೋಗು.”

“ಆಯ್ತು ಮಾಂಯ್,” ಎಂದಳು ಹೊನ್ನಿ. ಅತ್ತೆಯನ್ನು ನಮ್ಮಲ್ಲಿ ಹಾಗೆ ಕರೆಯುವುದು. ಅವಳು ಮಾತೆಯ ಪ್ರತಿಮೆಯ ಪಾದ ಮುಟ್ಟಿ ಕೈಯನ್ನು ತುಟಿಗೆ ತಂದುಕೊಂಡಳು. ಕೆಂಪಾಗುವ ಗಿಡ ಕೆಂಪಾಗದೆ ಎಲ್ಲಿಗೆ ಹೋಗುತ್ತದೆ ಎಂದು ಅವಳು ನಂಬಿದ್ದಿರಬೇಕು.

ಆಮೇಲೆ ಅವಳು ಆ ಗಿಡಕ್ಕೆ ಮಾಡದ ಸೇವೆಯಿಲ್ಲ. ಮೀನು ತೊಳೆದ ನೀರು, ಮೊಟ್ಟೆಯ ಸಿಪ್ಪೆಯ ಪುಡಿ, ಅಕ್ಕನ ಹಟ್ಟಿಯಿಂದ ತಲೆಯ ಮೇಲೆ ಹೊತ್ತು ತಂದ ಸೆಗಣಿ. ಬುಡ ಬಿಡಿಸಿ ಒಣಗಿದ ಸೊಪ್ಪು ಹಾಸುತ್ತಿದ್ದಳು. ಹುಳ ಬಿದ್ದರೆ ಎಲೆಯನ್ನು ಒಂದೊಂದಾಗಿ ಮಗುಚಿ ಕೈಯಲ್ಲೇ ಹೆಕ್ಕುತ್ತಿದ್ದಳು. ಗಿಡ ಆಳೆತ್ತರವಾಯಿತು. ಎಲೆಗಳು ಅಂಗೈಯಷ್ಟು ಅಗಲವಾದವು. ಹೆಚ್ಚು ಆರೈಕೆ ಮಾಡಿದಷ್ಟೂ ಹೆಚ್ಚು ಹಸಿರಾಯಿತು.

ನವೆಂಬರಿನ ಒಂದು ಮಧ್ಯಾಹ್ನ ತರಗತಿಯಲ್ಲಿ ನಮ್ಮ ಲೆಕ್ಚರರು ಬೋರ್ಡಿನ ಮೇಲೆ ಒಂದು ವೃತ್ತ ಬರೆದು, ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗವನ್ನು ಸೀಮೆಸುಣ್ಣದಿಂದ ತುಂಬಿಸಿದರು. ಅದು ರಾತ್ರಿ. ಕೆಲವು ಗಿಡಗಳು ಹೂಬಿಡುವ ಕಾಲವನ್ನು ತಿಳಿಯುವುದು ರಾತ್ರಿಯ ಉದ್ದದಿಂದ, ಎಂದರು. ಮಳೆಗಾಲ ಕಳೆದು ರಾತ್ರಿ ಉದ್ದವಾದಾಗ, ಅಷ್ಟೂ ಹೊತ್ತು ತುಂಡಾಗದ ಕತ್ತಲೆ ಎರಡು ತಿಂಗಳ ಕಾಲ ಸಿಕ್ಕಿದರೆ ಮಾತ್ರ ಅವು ಹೂಬಿಡುತ್ತವೆ. ಪಕ್ಕದಲ್ಲಿ ಒಂದು ಬಲ್ಬು ಉರಿದರೆ ಸಾಕು, ಆ ಗಿಡಕ್ಕೆ ರಾತ್ರಿಯೇ ಆಗಲಿಲ್ಲ. ಉದಾಹರಣೆಯಾಗಿ ಅವರು ಬರೆದ ಮೊದಲ ಹೆಸರು ಪಾಯಿನ್ಸೆಟಿಯಾ. ನಾನು ಅದನ್ನು ನೋಟ್ಸಿನಲ್ಲಿ ಬರೆದುಕೊಂಡು ಅಡಿಗೆರೆ ಎಳೆದೆ.

ಆ ಸಂಜೆ ಬಸ್ಸಿನಿಂದ ಇಳಿಯುವಾಗ ಬೆಳಕು ಹಾಕಿ ಆಗಿತ್ತು. ಅರವತ್ತು ಕ್ಯಾಂಡಲಿನ ಬಲ್ಬು ಗಿಡದ ನೆತ್ತಿಯಿಂದ ಎರಡು ಮೊಳ ಮೇಲೆ ಉರಿಯುತ್ತಿತ್ತು. ಅದರ ಕೆಳಗೆ ಹೊನ್ನಿ ನಿಂತಿದ್ದಳು, ಹಳದಿ ಎಲೆಗಳನ್ನು ಕೀಳುತ್ತ.

“ಬಾಯೆ,” ಎಂದು ಕರೆದಳು. ಮನೆಯ ಹುಡುಗಿಯರನ್ನು ಪ್ರೀತಿಯಿಂದ ಹಾಗೆ ಕರೆಯುವುದು. “ನೀನು ಗಿಡದ್ದೇ ಅಲ್ವಾ ಕಲಿಯುವುದು? ಇನ್ನು ಒಂದು ತಿಂಗಳು ಉಂಟು. ಎಂತ ಹಾಕ್ಬೇಕು ಇದಕ್ಕೆ, ಹೇಳು.”

ಹೇಳಬೇಕಾದದ್ದು ಮೂರು ನಾಲ್ಕು ಶಬ್ದ. ಬೆಳಕು ನಂದಿಸುವುದೂ ಬೇಡವಾಗಿತ್ತು. ಗಿಡಕ್ಕೆ ಏನಾದರೂ ಮರೆ ಕಟ್ಟಿದರೆ ಸಾಕಿತ್ತು. ಅವಳು ಹೋದ ಮರುದಿನದಿಂದ ಬಾವಿಯ ಹಗ್ಗ ಯಾರ ಕೈಯಲ್ಲಿರುತ್ತದೆ ಎಂದೂ ನಾನು ಅದೇ ಕ್ಷಣದಲ್ಲಿ ಯೋಚಿಸಿದೆ.

“ಸ್ವಲ್ಪ ಬೂದಿ ಹಾಕಿ ನೋಡಿ,” ಎಂದೆ.

“ಒಲೆಯದ್ದಾ?”

“ಒಲೆಯದ್ದೇ. ತೆಂಗಿನ ಗರಿಯದ್ದಾದರೆ ಇನ್ನೂ ಒಳ್ಳೆಯದು.”

ಮರುದಿನ ಅವಳು ಹಿತ್ತಿಲಿನಲ್ಲಿ ಗರಿ ಸುಟ್ಟು, ಬೂದಿಯನ್ನು ಜರಡಿ ಹಿಡಿದು, ಬುಡಕ್ಕೆ ಹಾಕಿದಳು. ಹೊಗೆ ನುಂಗಿ ಎರಡು ದಿನ ಕೆಮ್ಮಿದಳು. ಕೆಮ್ಮುತ್ತಲೇ ನನ್ನ ಬುತ್ತಿಗೆ ಸಾರು ತುಂಬಿಸಿದಳು.

ಡಿಸೆಂಬರ್ ಬಂತು. ಗುರುವಾರ ಬಾಲಯೇಸುವಿನ ದೇವಾಲಯಕ್ಕೆ ನೊವೆನಾ ಪ್ರಾರ್ಥನೆಗೆ ಹೋಗುವವರು ನಮ್ಮ ಗೇಟಿನ ಹತ್ತಿರ ನಿಂತು ಗ್ರೊಟ್ಟೊಗೆ ಕೈಮುಗಿದು ಹೋಗುತ್ತಿದ್ದರು. ಅವರಲ್ಲಿ ಒಬ್ಬ ಮುದುಕಿ ಗಿಡ ನೋಡಿ, “ಇದು ಗಂಡು ಗಿಡ ಇರ್ಬೇಕು, ಕಡಿದು ಬಿಡಿ” ಎಂದರು. ಮಮ್ಮಿ ಅದನ್ನು ಊಟದ ಹೊತ್ತಿನಲ್ಲಿ ಎರಡು ಸಲ ಹೇಳಿದರು.

ಹಬ್ಬಕ್ಕೆ ವಾರ ಇರುವಾಗ, ಬೆಳಿಗ್ಗೆ ಮುಖ ತೊಳೆಯಲು ಬಾವಿಯ ಕಡೆಗೆ ಹೋದವಳು, ಗ್ರೊಟ್ಟೊದ ಹಿಂಬದಿಯಲ್ಲಿ ಒಂದು ಕೆಂಪನ್ನು ನೋಡಿದೆ. ಗ್ರೊಟ್ಟೊದ ಬೆನ್ನಿಗೂ ಕಾಂಪೌಂಡಿನ ಗೋಡೆಗೂ ನಡುವೆ ಒಂದು ಗೇಣು ಜಾಗ. ಅಲ್ಲಿಗೆ ಒಂದು ಕೊಂಬೆ ಬಗ್ಗಿಕೊಂಡು ಹೋಗಿತ್ತು. ಬಲ್ಬಿನ ಬೆಳಕು ಅಲ್ಲಿ ಬೀಳುವುದಿಲ್ಲ. ಆ ಕೊಂಬೆಯ ತುದಿಯಲ್ಲಿ ಏಳು ಎಲೆಗಳು, ಏಳೂ ಕೆಂಪು. ಪಾಠದಲ್ಲಿ ಕೇಳಿದ್ದು ಅಷ್ಟು ಅಚ್ಚುಕಟ್ಟಾಗಿ ಕಣ್ಣ ಮುಂದೆ ಬಂದದ್ದು ನೋಡಿ ನನಗೆ ಮೊದಲು ಸಂತೋಷವೇ ಆಯಿತು. ಅದನ್ನು ಬಚ್ಚಿಡದೆ ಹೇಳುತ್ತೇನೆ.

ಆಮೇಲೆ ಒಳಗೆ ಹೋಗಿ ಬ್ಲೇಡು ತಂದೆ. ಕೊಂಬೆಯನ್ನು ಗಂಟಿನ ಕೆಳಗೆ ಕತ್ತರಿಸಿ, ಪೇಪರಿನ ಹಾಳೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿದೆ. ಸಸ್ಯಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ಕೊಡುವುದು ನಮ್ಮ ಪ್ರಾಕ್ಟಿಕಲ್ಲಿನ ಭಾಗವಾಗಿತ್ತು. ನನಗೆ ಇನ್ನೂ ಹನ್ನೊಂದು ಬೇಕಿದ್ದವು. ಅದು ಸುಳ್ಳಲ್ಲ.

ಹೊನ್ನಿ ಹತ್ತು ನಿಮಿಷದೊಳಗೆ ಬಂದಳು. ಅವಳು ಅದನ್ನು ಮೂರು ದಿನದಿಂದ ನೋಡುತ್ತಿದ್ದಳಂತೆ. ಪೂರ್ತಿ ಕೆಂಪಾದ ಮೇಲೆ, ಹಬ್ಬದ ಹಿಂದಿನ ದಿನ, ಮಮ್ಮಿಯನ್ನು ಕರೆದು ತೋರಿಸಬೇಕೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳಂತೆ.

“ಅಲ್ಲಿ ಹಾಲು ಸುರೀತಾ ಉಂಟು,” ಎಂದಳು. “ಯಾರೋ ಈಗ ಮುರಿದದ್ದು.”

“ನಾನು ತೆಗೆದೆ. ಪ್ರಾಕ್ಟಿಕಲ್ಲಿಗೆ.”

“ಅದೊಂದೇ ಇದ್ದದ್ದು ಬಾಯೆ, ಕೆಂಪು.”

“ಹೌದಾ? ನಾನು ಅಷ್ಟು ನೋಡಲಿಲ್ಲ.”

ಅಡುಗೆಕೋಣೆಯ ಬಾಗಿಲಲ್ಲಿ ಮಮ್ಮಿ ನಿಂತು ಕೇಳುತ್ತಿದ್ದರು. “ಎಂತ ಮುರಿದದ್ದು?” ಎಂದರು.

ಹೊನ್ನಿ ನನ್ನ ಕಡೆ ನೋಡಿದಳು. ನಾನು ಹೇಳುತ್ತೇನೆ ಎಂದು ಕಾದಳು. ಎಷ್ಟು ಹೊತ್ತು ಕಾದಳು ಎಂದರೆ ಮಮ್ಮಿಯೇ ಮುಂದೆ ಮಾತಾಡಬೇಕಾಯಿತು: “ನಿಂತು ನೋಡುವುದು ಎಂತದು? ಹಂದಿ ಕೂಗ್ತಾ ಉಂಟು, ಕೇಳುವುದಿಲ್ವಾ?” ಅವಳು ಹೋದಳು. ಮಮ್ಮಿ ನನ್ನ ಬೆರಳಿಗೆ ಮೆತ್ತಿದ ಹಾಲು ನೋಡಿದರು. “ಕೈ ತೊಳಿ. ಕಣ್ಣಿಗೆ ತಾಗಿದ್ರೆ ಉರೀತದೆ,” ಎಂದಷ್ಟೇ ಹೇಳಿ, ಬೆಳಗಿನ ತಿಂಡಿಗೆ ನನ್ನ ತಟ್ಟೆಗೆ ಎರಡು ಮೊಟ್ಟೆ ಹಾಕಿದರು. ಆ ಮನೆಯಲ್ಲಿ ಎರಡು ಮೊಟ್ಟೆ ಸಿಗುತ್ತಿದ್ದದ್ದು ಅಣ್ಣನಿಗೆ ಮಾತ್ರ.

ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಎಂದು ಬರೆದೆ. ಆದರೆ ಬೋರ್ಡು, ವೃತ್ತ, ಸೀಮೆಸುಣ್ಣ ಯಾವುದೂ ಇಲ್ಲದೆ ಹೊನ್ನಿ ಆ ಒಂದು ಕೊಂಬೆಯಿಂದ ವಿಷಯವನ್ನು ಹಿಡಿದಳು. ಹಟ್ಟಿಯ ಹಿಂದೆ ರಾತ್ರಿ ಕತ್ತಲೆ, ಅಲ್ಲಿ ಕೆಂಪು. ಗ್ರೊಟ್ಟೊದ ಬೆನ್ನಿಗೆ ಕತ್ತಲೆ, ಅಲ್ಲಿ ಕೆಂಪು. ಜನವರಿಯಲ್ಲಿ ಒಂದು ದಿನ ಬಟ್ಟೆ ಒಗೆಯುತ್ತ ನನ್ನನ್ನು ಕೇಳಿದಳು: “ಬೆಳಕಿನಿಂದ ಆಗಿರಬಹುದಾ? ನಿನ್ನ ಪುಸ್ತಕದಲ್ಲಿ ಹಾಗೆ ಎಂತಾದರೂ ಉಂಟಾ?”

“ನಾನು ಓದಿದ್ದರಲ್ಲಿ ಇಲ್ಲ,” ಎಂದೆ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಬದಿಗಿಟ್ಟಳು.

ಮೂರನೆಯ ವರ್ಷ ಮಳೆಗಾಲದಲ್ಲೇ ಅವಳು ಗಿಡವನ್ನು ಎದೆಯೆತ್ತರಕ್ಕೆ ಕಡಿದು ಇಟ್ಟಳು. ಅಕ್ಟೋಬರ್ ಹುಟ್ಟಿದ ದಿನ ನಾಲ್ಕು ಗೋಣಿಚೀಲಗಳನ್ನು ಬಿಚ್ಚಿ, ದಬ್ಬಳದಲ್ಲಿ ಹೊಲಿದು, ಒಳಗೆ ಹಳೆಯ ಕಪ್ಪು ಕೊಡೆಯ ಬಟ್ಟೆ ಸೇರಿಸಿ ದೊಡ್ಡ ಟೊಪ್ಪಿಯ ಹಾಗೆ ಒಂದು ಮುಸುಕು ಮಾಡಿದಳು. ನಾಲ್ಕು ಬಿದಿರಿನ ಗೂಟ ಊರಿ, ಸಂಜೆ ಬಲ್ಬು ಹಾಕುವ ಮೊದಲು ಅದನ್ನು ಗಿಡದ ಮೇಲೆ ಇಳಿಬಿಟ್ಟಳು. ಬೆಳಿಗ್ಗೆ ಬಿಸಿಲು ಬಂದ ಮೇಲೆ ತೆಗೆದಳು. ಮಾತೆಯ ಮುಂದಿನ ಬೆಳಕು ಮೊದಲಿನ ಹಾಗೇ ಉರಿಯುತ್ತಿತ್ತು. ಹರಕೆಗೆ ಒಂದು ಎಳೆಯಷ್ಟೂ ಊನವಿಲ್ಲ.

ಅಕ್ಕ ಗೋಡೆಯ ಮೇಲೆ ಗಲ್ಲ ಊರಿ ನೋಡಿದರು. “ಎಂತ ಮಾರಾಯ್ತಿ, ಗಿಡಕ್ಕೆ ಶೀತ ಆಗಿದ್ಯಾ?”

“ಶೀತ ಅಲ್ಲ,” ಮಮ್ಮಿ ಜಗಲಿಯಿಂದಲೇ ಹೇಳಿದರು. “ಮದುಮಗಳಿಗೆ ವೇಲ್ ಹಾಕಿದ್ದು. ನೆಟ್ಟವಳಿಗೆ ಗಂಡನ ಚಿಂತೆ, ಗಿಡಕ್ಕೆ ಮದುವೆ.”

ಹೊನ್ನಿಯೂ ನಕ್ಕಳು. ನಕ್ಕು ಗೂಟಕ್ಕೆ ಹಗ್ಗ ಬಿಗಿದಳು.

ಅಕ್ಟೋಬರಿನ ಸಂಜೆಗಳಲ್ಲಿ ಗುಡುಗಿನ ಮಳೆ ಬರುತ್ತದೆ. ನೆನೆದ ಗೋಣಿ ಹೆಣದಷ್ಟು ಭಾರವಾಗುತ್ತಿತ್ತು. ಅದನ್ನು ಎತ್ತಿ ಹಾಕಿ ಅವಳ ಅಂಗೈಯ ಚರ್ಮ ಸುಲಿಯಿತು. ಅವಳ ತಮ್ಮನ ಮಗುವಿನ ಜ್ಞಾನಸ್ನಾನಕ್ಕೆ ತವರಿನಿಂದ ಕರೆ ಬಂದರೂ, ಒಂದು ಸಂಜೆ ತಪ್ಪುತ್ತದೆ ಎಂದು ಹೋಗಲಿಲ್ಲ. ನವೆಂಬರಿನಲ್ಲಿ ಅಣ್ಣನ ಪತ್ರ ಬಂತು: ಜನವರಿಯೊಳಗೆ ಹೌದೋ ಅಲ್ಲವೋ ತಿಳಿಸಬೇಕು, ಇಲ್ಲವಾದರೆ ಮನೆ ನನ್ನ ನಂತರದವನಿಗೆ ಹೋಗುತ್ತದೆ, ಇನ್ನೊಮ್ಮೆ ನನ್ನ ಸರದಿ ಬರುವುದು ಕಷ್ಟ. ಅದನ್ನು ಓದಿ ಹೇಳಿದಾಗ ಹೊನ್ನಿ ಎದ್ದು ಹೊರಗೆ ಹೋಗಿ ಮುಸುಕಿನ ಕೆಳಗಿನ ಅಂಚು ನೆಲಕ್ಕೆ ತಾಗಿದೆಯೇ ಎಂದು ನೋಡಿ ಬಂದಳು.

ಒಮ್ಮೆ ಅವಳಿಗೆ ಜ್ವರ ಏರಿ ಏಳಲಾಗಲಿಲ್ಲ. “ಇವತ್ತು ಒಂದು ದಿನ ನೀನು ಹಾಕ್ತೀಯಾ ಬಾಯೆ?” ಎಂದಳು. ನಾನು ಹಾಕಿದೆ. ಅಂಚುಗಳನ್ನು ಕಲ್ಲಿಟ್ಟು ಭದ್ರ ಮಾಡಿದೆ. ಅವಳ ಮೇಲಿನ ಮರುಕದಿಂದ ಎಂದು ಹೇಳಿದರೆ ತಪ್ಪಾಗುತ್ತದೆ. ನಲವತ್ತು ದಿನ ಸರಿಯಾಗಿ ನಡೆದ ಪ್ರಯೋಗ ಕೆಡುವುದು ನನಗೆ ಇಷ್ಟವಿರಲಿಲ್ಲ.

ಡಿಸೆಂಬರಿನ ಮೊದಲ ವಾರ ತುದಿಯ ಎಲೆಗಳ ನರಗಳಲ್ಲಿ ಕೆಂಪು ಹರಿಯಿತು. ಎರಡನೆಯ ವಾರ ಇಡೀ ಗಿಡ ಕೆಂಪಾಯಿತು. ಮೂವತ್ತಕ್ಕಿಂತ ಹೆಚ್ಚು ತಲೆಗಳು, ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ನೊವೆನಾಗೆ ಹೋಗುವವರು ಗೇಟು ತೆರೆದು ಒಳಗೇ ಬರತೊಡಗಿದರು. ಅಕ್ಕ ಕೂಗಿ ಹೇಳಿದರು: “ಅಂತೂ ಮಾತೆ ಮನಸ್ಸು ಮಾಡಿದ್ರು ಬಾಯಮ್ಮ! ಇನ್ನು ಸೊಸೆಯನ್ನು ವಿಮಾನ ಹತ್ತಿಸಿ!” ಮಮ್ಮಿಗೆ ಅದು ಕೇಳಿಸಲಿಲ್ಲ. ಎರಡು ಸಲ ಕೂಗಿದರೂ ಕೇಳಿಸಲಿಲ್ಲ.

ಹೊನ್ನಿ ಅವಸರ ಮಾಡಲಿಲ್ಲ. ಹಬ್ಬದ ತಿಂಡಿ ಮಾಡುವ ದಿನದವರೆಗೆ ಕಾದಳು. ಊಟದ ಮೇಜಿನ ಮೇಲೆ ಪೇಪರು ಹಾಸಿ ನಾವು ಮೂವರೂ ಕಿಡ್ಯೊ ಮಾಡುತ್ತಿದ್ದೆವು. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡುವ ಕೆಲಸ. ಕೈ ಕೆಲಸದಲ್ಲಿರುವಾಗ ಮಾತು ಸುಲಭ ಎಂದು ಅವಳು ಎಣಿಸಿದ್ದಿರಬೇಕು.

“ಮಾಂಯ್,” ಎಂದಳು. “ಗಿಡ ಕೆಂಪಾಯ್ತಲ್ಲ.”

ಮಮ್ಮಿ ಒಂದು ಸುರುಳಿ ಮುಗಿಸಿದರು. “ಹೌದು. ನೋಡಿದೆ.” ಇನ್ನೊಂದು ಉಂಡೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. “ನೀನು ಇದನ್ನೇ ಅಲ್ವಾ ಕಲಿಯುವುದು? ನೀನು ಹೇಳು. ಅದನ್ನು ಕೆಂಪು ಮಾಡಿದ್ದು ಮಾತೆಯಾ, ಗೋಣಿಯಾ?”

ಹೊನ್ನಿ ಫೋರ್ಕು ಕೆಳಗಿಟ್ಟಳು. ಅವಳ ಮುಖದಲ್ಲಿ ಭಯ ಇರಲಿಲ್ಲ. ನಾನು ಏನು ಹೇಳುತ್ತೇನೆ ಎಂಬುದರಲ್ಲಿ ಅವಳಿಗೆ ನಂಬಿಕೆ ಇದ್ದ ಹಾಗೆ ಕಂಡಿತು. ‘ಮಾತೆ’ ಎಂದು ಒಂದು ಶಬ್ದ ಹೇಳಿದ್ದರೆ ಮಮ್ಮಿ ಏನು ಮಾಡುವ ಹಾಗೂ ಇರಲಿಲ್ಲ. ತಾವೇ ಆಡಿದ ಮಾತು, ಅದೂ ಪ್ರತಿಮೆಯ ಮುಂದೆ ನಿಂತು. ನನ್ನ ಕೊನೆಯ ಪರೀಕ್ಷೆಗೆ ನಾಲ್ಕು ತಿಂಗಳಿತ್ತು.

ನಾನು ಸರಿಯಾದ ಉತ್ತರ ಹೇಳಿದೆ. ಉದ್ದ ರಾತ್ರಿ, ತುಂಡಾಗದ ಕತ್ತಲೆ, ಬಲ್ಬಿನ ಬೆಳಕು, ಎರಡು ತಿಂಗಳು. ಉತ್ತರಪತ್ರಿಕೆಯಲ್ಲಿ ಬರೆಯುವ ಹಾಗೆ ಒಂದೂ ಬಿಡದೆ ಹೇಳಿದೆ. ಕೊನೆಗೆ, “ಗೋಣಿಯಿಂದ,” ಎಂದೆ.

“ಕೇಳಿದಿಯಲ್ಲ,” ಮಮ್ಮಿ ಹೊನ್ನಿಗೆ ಹೇಳಿದರು. ದನಿ ಏರಿಸಲಿಲ್ಲ. “ಮಾತೆಯನ್ನು ಕೇಳು ಅಂದ್ರೆ ನೀನು ಗೋಣಿಯನ್ನು ಕೇಳಿದ್ದು. ಗೋಣಿ ಆಯ್ತು ಅಂದಿದೆ. ಹಾಗಾದ್ರೆ ಟಿಕೇಟು ಸಹ ಗೋಣಿಯೇ ಮಾಡಿಕೊಡ್ಲಿ.”

ತಮ್ಮ ಮಾತಿಗೆ ತಾವೇ ಸ್ವಲ್ಪ ನಕ್ಕರು. ನನಗೂ ತುಟಿ ಅಲುಗಿತು. ಅದನ್ನು ಹೊನ್ನಿ ನೋಡಿದಳು.

“ಇದು ನಿನಗೆ ಯಾವಾಗಿನಿಂದ ಗೊತ್ತು?” ಎಂದು ನನ್ನನ್ನು ಕೇಳಿದಳು.

“ಹೋದ ವರ್ಷದಿಂದ.”

“ಹೋದ ವರ್ಷ ಯಾವಾಗ?”

“ನವೆಂಬರ್.”

ಅವಳು ಲೆಕ್ಕ ಹಾಕುವುದು ಮುಖದಲ್ಲೇ ಕಾಣುತ್ತಿತ್ತು. ಬೂದಿ, ಕೊಂಬೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೇಳಿದ ಪ್ರಶ್ನೆ, ಒಂದೊಂದನ್ನೂ ಅದರ ತಿಂಗಳಿನಲ್ಲಿ ಇಟ್ಟು ನೋಡಿದಳು. ಆಮೇಲೆ ಫೋರ್ಕು ತೆಗೆದುಕೊಂಡಳು. ಹಿಟ್ಟು ಇನ್ನೂ ಅರ್ಧ ಪಾತ್ರೆ ಇತ್ತು. ಅದು ಮುಗಿಯುವವರೆಗೆ ಮೂವರೂ ಮೇಜು ಬಿಟ್ಟು ಏಳಲಿಲ್ಲ. ಅವಳ ಸುರುಳಿಗಳು ಯಾವಾಗಿನ ಹಾಗೆ ಒಂದೇ ಅಳತೆಯವು. ಕರಿದದ್ದೂ ಅವಳೇ.

ಹಬ್ಬದ ದಿನ ಬಂದವರೆಲ್ಲ ಗಿಡವನ್ನು ಹೊಗಳಿದರು. ಮಮ್ಮಿ “ಸೊಸೆ ನೆಟ್ಟದ್ದು” ಎಂದು ಎಲ್ಲರಿಗೂ ಹೇಳಿದರು.

ಜನವರಿಯ ಮೊದಲ ವಾರ ಅಣ್ಣನಿಗೆ ಉತ್ತರ ಬರೆಯಬೇಕಾಯಿತು. ಮಮ್ಮಿ ಹೇಳಿದರು, ನಾನು ನೀಲಿ ಏರೋಗ್ರಾಂನಲ್ಲಿ ಬರೆದೆ. ಎಲ್ಲರೂ ಕ್ಷೇಮ. ಹಬ್ಬ ಚೆನ್ನಾಗಿ ಆಯಿತು. ನನ್ನ ಕಾಲಿನ ಬಾವು ಇಳಿದಿಲ್ಲ, ಈ ಸ್ಥಿತಿಯಲ್ಲಿ ಸೊಸೆಯನ್ನು ಕಳಿಸಲು ಆಗುವುದಿಲ್ಲ, ಮನೆಯನ್ನು ಬೇರೆಯವರಿಗೆ ಕೊಡುವುದಾದರೆ ಕೊಡಲಿ. ಗಿಡದ ವಿಷಯ ಬರೆಯಬೇಕಾ ಎಂದು ಕೇಳಿದೆ. “ಅವನಿಗೆ ಎಂತಕ್ಕೆ ಗಿಡದ್ದು?” ಎಂದರು.

ಕೆಳಗೆ ಎರಡು ಸಾಲಿನ ಜಾಗ ಉಳಿಯಿತು. ಪ್ರತಿ ಪತ್ರದಲ್ಲೂ ಅಷ್ಟು ಜಾಗ ಹೊನ್ನಿಗೆ ಬಿಡುವ ಪದ್ಧತಿ. ಅವಳು ನಾಚಿಕೊಂಡು ಏನಾದರೂ ಹೇಳುತ್ತಿದ್ದಳು, ಆರೋಗ್ಯ ನೋಡಿಕೊಳ್ಳಿ, ಬಿಸಿಲಿನಲ್ಲಿ ತಿರುಗಬೇಡಿ ಎಂದು. ಮಮ್ಮಿ ಎದ್ದು ಒಳಗೆ ಹೋದ ಮೇಲೆ ನಾನು ಅವಳನ್ನು ಕರೆದೆ. ಮೀನು ತರಲು ಹೊರಟಿದ್ದಳು, ಚೀಲ ಕೈಯಲ್ಲಿತ್ತು. ಮೇಜಿನ ಹತ್ತಿರ ಬಂದು, ಬರೆದದ್ದನ್ನು ಮೇಲಿನಿಂದ ಕೆಳಗಿನವರೆಗೆ ತಾನೇ ನಿಧಾನವಾಗಿ ಓದಿದಳು.

“ನಿಮ್ಮದು ಎಂತಾದರೂ ಬರೀಲಿಕ್ಕೆ ಉಂಟಾ?” ಎಂದೆ.

“ಉಂಟು. ಬರಿ. ನಿಮ್ಮ ತಂಗಿ ತುಂಬಾ ಚೆನ್ನಾಗಿ ಕಲಿಯುತ್ತಾಳೆ ಅಂತ ಬರಿ.”

ನಾನು ತಲೆ ಎತ್ತಿದೆ. ಅವಳು ಕಾಗದವನ್ನೇ ನೋಡುತ್ತಿದ್ದಳು, ನಾನು ಬರೆಯುವುದನ್ನು ಕಾಯುತ್ತ. ಬರೆದೆ. ಎರಡು ಸಾಲಿಗೆ ಸರಿಯಾಗಿ ಹಿಡಿಯಿತು. ಅವಳು ಅಂಚಿನ ಅಂಟಿಗೆ ನೀರು ತಾಗಿಸಿ, ಮಡಚಿ, ಒತ್ತಿ ಅಂಟಿಸಿದಳು. ಆಮೇಲೆ ಅದನ್ನು ಮೀನಿನ ವಾಸನೆ ತಾಗದ ಹಾಗೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಪೋಸ್ಟ್ ಡಬ್ಬಿ ಇರುವ ಜಂಕ್ಷನ್ನಿನ ಕಡೆಗೆ ಇಳಿದು ಹೋದಳು.